ಪಡುವಣ ಗೋಡೆಯ ಲೆಕ್ಕ

(ತುಮಕೂರು ಜಿಲ್ಲೆಯ ತೋವಿನಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಎತ್ತರದ ಕಟ್ಟಡಗಳು ಕರೆಂಟನ್ನು ಹೇಗೆ ನುಂಗುತ್ತವೆ, ಅದಕ್ಕೆ ಕಡಿವಾಣ ಹಾಕಲು ಇರುವ ಕಾನೂನು ಏನು ಹೇಳುತ್ತದೆ, ಅದು ಯಾಕೆ ಸರಿಯಾಗಿ ಜಾರಿಯಾಗುತ್ತಿಲ್ಲ ಎಂಬುದು ಇವತ್ತಿನ ವಿಷಯ. ಇಪ್ಪತ್ತಂತಸ್ತಿನ ಕಟ್ಟಡಗಳಿರುವುದು ಬೆಂಗಳೂರಿನಲ್ಲಿ, ಆ ಮಾತನ್ನು ಇಲ್ಲಿ ಬಂದು ಆಡುವುದೇಕೆ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಉತ್ತರ ನಮ್ಮ ಪಾವಗಡದಲ್ಲೇ ಇದೆ.

ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು. ಈ ಐದು ಊರುಗಳ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ನಿಂತಿದೆ. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು, 2019ರ ಕೊನೆಯ ಹೊತ್ತಿಗೆ ಎಲ್ಲ ಹಂತಗಳೂ ಮುಗಿದವು. ಭೂಮಿಯನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ರೈತರಿಂದಲೇ ಗುತ್ತಿಗೆಗೆ ಪಡೆಯಿತು. ಮಳೆ ಕೈಕೊಟ್ಟ ನೆಲದಲ್ಲಿ ಬಿಸಿಲನ್ನೇ ಬೆಳೆ ಮಾಡಿದ್ದು ದೊಡ್ಡ ಕೆಲಸ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಭಾಗಾಕಾರ ಮಾಡಿ ನೋಡಿ: ಒಂದು ಮೆಗಾವಾಟಿಗೆ ಆರೂಕಾಲು ಎಕರೆಗೂ ತುಸು ಹೆಚ್ಚು ನೆಲ ಬೇಕಾಗಿದೆ. ಹುರುಳಿ, ಶೇಂಗಾ, ತೊಗರಿ ಕಂಡಿದ್ದ ನೆಲ, ಕುರಿ ಮೇಯುತ್ತಿದ್ದ ನೆಲ. ಅಷ್ಟು ಬೆಲೆ ಕೊಟ್ಟು ಹುಟ್ಟಿಸಿದ ಕರೆಂಟು ಯಾವುದಕ್ಕೆ ಖರ್ಚಾಗುತ್ತಿದೆ ಎಂದು ಕೇಳುವ ಹಕ್ಕು ಈ ಸೀಮೆಯವರಿಗೆ ಇದ್ದೇ ಇದೆ.

ಗ್ರಿಡ್ಡಿಗೆ ಸೇರಿದ ಮೇಲೆ ಯಾವ ಯೂನಿಟ್ಟು ಎಲ್ಲಿಗೆ ಹೋಯಿತು ಎಂದು ಗುರುತು ಹಿಡಿಯಲಾಗದು. ಆದರೂ ತುಮಕೂರು ಜಿಲ್ಲೆ ಮತ್ತು ಬೆಂಗಳೂರು ಒಂದೇ ಬೆಸ್ಕಾಂ ವ್ಯಾಪ್ತಿಯಲ್ಲಿವೆ. ನಿಮ್ಮ ಕೊಳವೆಬಾವಿಗೆ ತ್ರೀ ಫೇಸ್ ಬರುವುದು ದಿನಕ್ಕೆ ಏಳು ಗಂಟೆ. ಆ ಏಳು ಗಂಟೆ ಹಗಲೋ ರಾತ್ರಿಯೋ ಎಂಬುದರ ಮೇಲೆ ನಿಮ್ಮ ನಿದ್ದೆ ನಿಂತಿದೆ. ಅದೇ ಜಾಲದ ಇನ್ನೊಂದು ತುದಿಯಲ್ಲಿ, ನೆತ್ತಿಯಿಂದ ಪಾದದವರೆಗೆ ಗಾಜು ಹೊದ್ದ ಕಟ್ಟಡಗಳು ನಿಂತಿವೆ. ಅವು ಬಿಸಿಲನ್ನು ಗಾಜಿನ ಮೂಲಕ ಒಳಗೆ ಬಿಟ್ಟುಕೊಳ್ಳುತ್ತವೆ, ಆಮೇಲೆ ಅದನ್ನು ಎಸಿ ಹಾಕಿ ಹೊರಗೆ ದಬ್ಬುತ್ತವೆ. ಅಂದರೆ ಪಾವಗಡದಲ್ಲಿ ಹಿಡಿದ ಬಿಸಿಲಿನ ಒಂದು ಪಾಲು ಬೆಂಗಳೂರಿನ ಬಿಸಿಲನ್ನು ಆಚೆ ಹಾಕಲು ವ್ಯಯವಾಗುತ್ತಿದೆ. ಗೋಡೆ ಕಟ್ಟುವಾಗಲೇ ತಡೆಯಬಹುದಾಗಿದ್ದ ಬಿಸಿಲು ಅದು. ನಾನು ಇಲ್ಲಿಗೆ ಬಂದಿರುವುದು ಈ ಒಂದು ಮಾತು ಹೇಳಲು.

ಕಟ್ಟಡದ ಹೊರಗೋಡೆ, ಕಿಟಕಿ, ಛಾವಣಿ ಇವು ಮೂರೂ ಸೇರಿದ್ದನ್ನು ಹೊರಕವಚ ಎಂದು ಕರೆಯೋಣ. ಹಳ್ಳಿಯ ಮನೆಗೂ ನಗರದ ಗೋಪುರಕ್ಕೂ ಇರುವ ಮುಖ್ಯ ವ್ಯತ್ಯಾಸ ಈ ಕವಚದ ಅಳತೆಯಲ್ಲೇ ಇದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಮನೆಗೆ ಛಾವಣಿ 100 ಚದರ ಮೀಟರ್, ನಾಲ್ಕು ಗೋಡೆ ಸೇರಿ 120. ಛಾವಣಿಗೆ ದಿನವಿಡೀ ಬಿಸಿಲು, ಹಾಗಾಗಿ ಮನೆ ಕಾಯುವುದು ಮೇಲಿನಿಂದ. ನಮ್ಮ ಶಿರಾ, ಪಾವಗಡದ ಕಡೆ ಮಾಳಿಗೆ ಮನೆಗಳ ಮೇಲೆ ದಪ್ಪಗೆ ಮಣ್ಣು ಹೇರಿ, ಮಳೆಗಾಲಕ್ಕೆ ಮುಂಚೆ ಚೌಳು ಮಣ್ಣು ಎಳೆಯುತ್ತಿದ್ದವರು ಈ ಲೆಕ್ಕವನ್ನು ಬಲ್ಲವರೇ. ಈಗ ಇಪ್ಪತ್ತಂತಸ್ತಿನ ಗೋಪುರ ನೋಡಿ. ಪ್ರತಿ ಅಂತಸ್ತು 30 ಮೀಟರಿಗೆ 30 ಮೀಟರ್, ಒಟ್ಟು ಎತ್ತರ 70 ಮೀಟರ್ ಅಂದುಕೊಳ್ಳಿ. ಛಾವಣಿ 900 ಚದರ ಮೀಟರ್, ಗೋಡೆಗಳು 8,400. ಒಂಬತ್ತು ಪಟ್ಟಿಗೂ ಹೆಚ್ಚು. ಅಲ್ಲಿ ಛಾವಣಿಯನ್ನು ಎಷ್ಟೇ ತಂಪು ಮಾಡಿದರೂ ಮೇಲಿನ ಒಂದೆರಡು ಅಂತಸ್ತಿಗಷ್ಟೇ ಅನುಕೂಲ. ಉಳಿದ ಅಂತಸ್ತುಗಳ ಹಣೆಬರಹ ಬರೆಯುವುದು ಗೋಡೆ ಮತ್ತು ಕಿಟಕಿ. ಮೇಲೆ ಹೋದಂತೆ ಮರದ ನೆರಳಿಲ್ಲ, ಪಕ್ಕದ ಮನೆಯ ನೆರಳಿಲ್ಲ. ಗಾಳಿಯ ರಭಸ ಜಾಸ್ತಿಯೆಂದು ಕಿಟಕಿಯನ್ನು ತೆರೆಯಲು ಬಾರದಂತೆ ಮುಚ್ಚಿಬಿಡುತ್ತಾರೆ. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಕೂತವರಿಗೆ ಆ ಅಂತಸ್ತುಗಳು ಹೇಗಿರುತ್ತವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನ ಗಾಳಿ ವರ್ಷದ ಬಹುಪಾಲು ಹಿತವಾಗಿಯೇ ಇರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ್ದು ಅಪರೂಪದ ದಿನ. ದೇಶವನ್ನು ಐದು ಹವಾಮಾನ ವಲಯಗಳಾಗಿ ಹಂಚಿದಾಗ ಬೆಂಗಳೂರು ಸಮಶೀತೋಷ್ಣ ವಲಯಕ್ಕೆ ಬಂತು. ಇದರ ಅರ್ಥವನ್ನು ಗಮನವಿಟ್ಟು ನೋಡಬೇಕು. ಇಂಥ ಊರಿನಲ್ಲಿ ಕಟ್ಟಡ ಕಾಯುವುದು ಹೊರಗಿನ ಗಾಳಿ ಬಿಸಿಯಾಗಿದೆ ಎಂಬ ಕಾರಣಕ್ಕಿಂತ ಹೆಚ್ಚಾಗಿ ಗಾಜಿನ ಮೂಲಕ ನೇರ ಬಿಸಿಲು ಒಳಗೆ ಬಂತು ಎಂಬ ಕಾರಣಕ್ಕೆ. ಆ ಬಿಸಿಲನ್ನು ತಡೆದರೆ ಎಸಿಯ ಕೆಲಸದಲ್ಲಿ ದೊಡ್ಡ ಪಾಲು ಇಲ್ಲವಾಗುತ್ತದೆ. ಎರಡು ಪದರದ ದುಬಾರಿ ಗಾಜಿಗಿಂತ ಕಿಟಕಿಯ ಹೊರಗಿನ ನೆರಳೇ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಚಳಿ ದೇಶಗಳಲ್ಲಿ ಬೆಳೆದ ಗಾಜಿನ ಗೋಡೆಯ ರೂಪವನ್ನು, ಬಿಸಿಲನ್ನು ಹೊರಗಿಡಬೇಕಾದ ಊರಿಗೆ ಹಾಗೆಯೇ ತಂದು ನಿಲ್ಲಿಸಿದ್ದು ನಮ್ಮ ನಗರಗಳು ಮಾಡಿಕೊಂಡ ದೊಡ್ಡ ತಪ್ಪು ಎಂದು ನಾನು ನಂಬಿದ್ದೇನೆ.

ಬಿಸಿಲು ಯಾವ ದಿಕ್ಕಿನಿಂದ ಬರುತ್ತದೆ ಎಂಬುದು ರೈತರಿಗೆ ಗೊತ್ತಿರುವಷ್ಟು ಕಟ್ಟಡ ಕಟ್ಟುವವರಿಗೆ ಗೊತ್ತಿರುವುದಿಲ್ಲ. ತೋವಿನಕೆರೆ ಇರುವುದು ಹೆಚ್ಚೂಕಡಿಮೆ 13.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಭರಣಿ ನಕ್ಷತ್ರಕ್ಕೆ ಬರುವ ಹೊತ್ತಿಗೆ, ಅಂದರೆ ಏಪ್ರಿಲ್ ಕೊನೆಯ ವಾರದಲ್ಲಿ, ಮಧ್ಯಾಹ್ನ ನಮ್ಮ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ. ಅಲ್ಲಿಂದ ಆಶ್ಲೇಷ ಮಳೆ ಮುಗಿದು ಮಖೆ ಹುಟ್ಟುವ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ದೆಹಲಿಯವರಿಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಬರುವುದೇ ಇಲ್ಲ. ಅವರು ಬರೆದ ಪುಸ್ತಕ ಓದಿ ಉತ್ತರದ ಗೋಡೆಗೆ ಭಯವಿಲ್ಲದೆ ಗಾಜು ಹಾಕಬಹುದು ಎಂದು ಇಲ್ಲಿಯೂ ಪಾಠ ಹೇಳಿದರೆ ಅದು ಅರ್ಧ ಸತ್ಯ. ಕಟ್ಟಡಗಳಿಗೆಂದು ಇರುವ ನಮ್ಮ ಇಂಧನ ಸಂಹಿತೆ (ಅದರ ಕಥೆ ಮುಂದೆ ಹೇಳುತ್ತೇನೆ) ಈ ಸೂಕ್ಷ್ಮವನ್ನು ಹಿಡಿದಿದೆ. ಅದರ 2017ರ ಆವೃತ್ತಿಯಲ್ಲಿ 15 ಡಿಗ್ರಿ ಅಕ್ಷಾಂಶಕ್ಕಿಂತ ದಕ್ಷಿಣಕ್ಕಿರುವ ಊರುಗಳಿಗೆ ಉತ್ತರದ ಕಿಟಕಿಗೂ ಉಳಿದ ದಿಕ್ಕುಗಳಷ್ಟೇ ಬಿಗಿಯಾದ ಮಿತಿ ಇದೆ.

ಆ ಮಿತಿ ಏನೆಂದು ಹೇಳುತ್ತೇನೆ. ಗಾಜಿನ ಮೇಲೆ ಬಿದ್ದ ಸೂರ್ಯನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದಕ್ಕೆ ಎಸ್‌ಎಚ್‌ಜಿಸಿ ಎಂಬ ಅಂಕಿ ಇದೆ. ಬಣ್ಣವಿಲ್ಲದ ಸಾದಾ ಗಾಜಿಗೆ ಅದು ಸುಮಾರು 0.8, ಅಂದರೆ ನೂರರಲ್ಲಿ ಎಂಬತ್ತು ಪಾಲು ಒಳಗೇ. ನಮ್ಮ ವಲಯಕ್ಕೆ ಸಂಹಿತೆ ಒಪ್ಪುವುದು 0.27. ಜೊತೆಗೆ, ಒಟ್ಟು ಹೊರಗೋಡೆಯಲ್ಲಿ ಗಾಜಿನ ಪಾಲು ಶೇಕಡಾ 40 ಮೀರಬಾರದು. ಕಿಟಕಿಗೆ ಹೊರಗಿನಿಂದ ಸಜ್ಜಾ ಅಥವಾ ನಿಲುವು ಫಲಕದ ನೆರಳು ಕೊಟ್ಟರೆ ಗಾಜಿನ ಅಂಕಿಯಲ್ಲಿ ಅದಕ್ಕೆ ತಕ್ಕ ರಿಯಾಯಿತಿಯೂ ಉಂಟು.

ಈಗ ಆಗಲೇ ಹೇಳಿದ ಗೋಪುರದ ಪಡುವಣ ಗೋಡೆಯೊಂದನ್ನೇ ತೆಗೆದುಕೊಳ್ಳೋಣ. ಅದು 2,100 ಚದರ ಮೀಟರ್. ಮಾರ್ಚ್ ತಿಂಗಳ ಸಂಜೆ ನಾಲ್ಕರ ಬಿಸಿಲು ಆ ಗೋಡೆಯ ಪ್ರತಿ ಚದರ ಮೀಟರಿಗೆ 600 ವಾಟ್ ಎಂದು ಇಟ್ಟುಕೊಳ್ಳಿ, ಇದು ಹೆಚ್ಚು ಮಾಡಿ ಹೇಳಿದ್ದಲ್ಲ. ಗೋಡೆಯ ಶೇಕಡಾ 70 ಭಾಗ ಗಾಜು, ಆ ಗಾಜು ಅರ್ಧ ಶಾಖವನ್ನು ಒಳಗೆ ಬಿಡುವಂಥದ್ದಾದರೆ, ಒಳಗೆ ಬರುವುದು 441 ಕಿಲೋವಾಟ್. ಅದೇ ಗೋಡೆಗೆ ಶೇಕಡಾ 40 ಗಾಜು, 0.27ರ ಮಿತಿ ಪಾಲಿಸಿದರೆ 136 ಕಿಲೋವಾಟ್. ವ್ಯತ್ಯಾಸ 305. ಮೂರು ಪಾಲು ಶಾಖವನ್ನು ಹೊರಹಾಕಲು ಎಸಿ ಯಂತ್ರ ಸುಮಾರು ಒಂದು ಪಾಲು ಕರೆಂಟು ತಿನ್ನುತ್ತದೆ. ಅಂದರೆ ಒಂದು ಕಟ್ಟಡದ ಒಂದು ಗೋಡೆಯ ತಪ್ಪಿಗೆ 100 ಕಿಲೋವಾಟ್. ಪಾವಗಡದ ಅಳತೆಯಲ್ಲಿ ಅದು 25 ಗುಂಟೆ ನೆಲ. ಅದೂ ಫಲಕಗಳು ಪೂರ್ಣ ಸಾಮರ್ಥ್ಯದಲ್ಲಿ ದುಡಿಯುತ್ತಿದ್ದರೆ. ಸಂಜೆ ನಾಲ್ಕಕ್ಕೆ ಅವು ಇಳಿಮುಖವಾಗಿರುತ್ತವೆ, ಆಗ ಇನ್ನೂ ಹೆಚ್ಚು ನೆಲ ಬೇಕು.

ಇಳಿಮುಖದ ಆ ಹೊತ್ತೇ ನಮ್ಮ ರಾಜ್ಯದ ದೊಡ್ಡ ಚಿಂತೆ. ಸೂರ್ಯ ಇಳಿಯುತ್ತಿದ್ದಂತೆ ಸೌರ ಕರೆಂಟು ಕುಸಿಯುತ್ತದೆ, ಆದರೆ ಹಗಲೆಲ್ಲ ಕಾದ ಕಾಂಕ್ರೀಟು ಶಾಖ ಬಿಡುವುದೂ ಆಗಲೇ. ಆ ಅಂತರ ತುಂಬಲೆಂದು ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಹಾಕಿದ್ದಾರೆ. ಕಾಡು ಹೋಗುತ್ತದೆಂದು ಅಲ್ಲಿನ ಜನ ಹೋರಾಡುತ್ತಿದ್ದಾರೆ. ಪಡುವಣ ಗೋಡೆಗೆ ನೆರಳು ಕೊಟ್ಟಷ್ಟೂ ಆ ಸಂಜೆಯ ಹೊರೆ ಕಡಿಮೆಯಾಗುತ್ತದೆ.

ಕಾನೂನಿನ ಕಥೆ ಹೀಗಿದೆ. 2001ರಲ್ಲಿ ಸಂಸತ್ತು ಇಂಧನ ಸಂರಕ್ಷಣಾ ಕಾಯ್ದೆ ಮಾಡಿತು. 2002ರ ಮಾರ್ಚ್ 1ರಂದು ಇಂಧನ ದಕ್ಷತಾ ಬ್ಯೂರೊ ಹುಟ್ಟಿತು. 2007ರ ಮೇ ತಿಂಗಳಲ್ಲಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ, ಎಲ್ಲರೂ ಇಸಿಬಿಸಿ ಎಂದು ಕರೆಯುವುದು, ಹೊರಬಂತು, 2017ರಲ್ಲಿ ಪರಿಷ್ಕಾರವಾಯಿತು. ಮೊದಲು 500 ಕಿಲೋವಾಟ್ ಮೀರಿದ ಕಟ್ಟಡಗಳಿಗಷ್ಟೇ ಇದ್ದ ವ್ಯಾಪ್ತಿಯನ್ನು 2010ರ ತಿದ್ದುಪಡಿ 100 ಕಿಲೋವಾಟಿಗೆ ಇಳಿಸಿತು. 2018ರ ಡಿಸೆಂಬರಿನಲ್ಲಿ ವಾಸದ ಕಟ್ಟಡಗಳಿಗೆಂದು ಇಕೋ ನಿವಾಸ ಸಂಹಿತೆ ಬಂತು. ಹೊರಕವಚದ ಮೂಲಕ ಒಳಬರುವ ಶಾಖ, ಛಾವಣಿ ಬಿಟ್ಟು, ಚದರ ಮೀಟರಿಗೆ 15 ವಾಟ್ ಮೀರಬಾರದು ಎಂಬುದು ಅದರ ತಿರುಳು. 2022ರ ತಿದ್ದುಪಡಿ ವಸತಿ ಕಟ್ಟಡಗಳನ್ನೂ ಕಾಯ್ದೆಯ ವ್ಯಾಪ್ತಿಗೆ ತಂದಿತು. ತನ್ನ ಹವಾಮಾನಕ್ಕೆ ತಕ್ಕಂತೆ ಸಂಹಿತೆಯನ್ನು ಮಾರ್ಪಡಿಸಿಕೊಳ್ಳುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಮೊದಲಿನಿಂದಲೂ ಇದೆ. ನಮ್ಮಲ್ಲಿ ಈ ಕಾಯ್ದೆಯ ಹೊಣೆ ಹೊತ್ತ ಸಂಸ್ಥೆ ಕ್ರೆಡಲ್.

ಕಾನೂನು ಪಾಲಿಸಲು ಮೂರು ದಾರಿಗಳಿವೆ. ಗೋಡೆ, ಗಾಜು, ಛಾವಣಿ ಒಂದೊಂದೂ ತನ್ನ ಮಿತಿಯೊಳಗಿದೆ ಎಂದು ತೋರಿಸುವುದು ಒಂದು. ಒಂದರಲ್ಲಿ ಸಡಿಲಿಸಿ ಇನ್ನೊಂದರಲ್ಲಿ ಬಿಗಿಮಾಡಿ ಒಟ್ಟು ಹೊರಕವಚ ಸರಿದೂಗಿದೆ ಎಂದು ತೋರಿಸುವುದು ಇನ್ನೊಂದು. ಇಡೀ ಕಟ್ಟಡದ ವರ್ಷದ ಬಳಕೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ, ಮಿತಿ ಪಾಲಿಸಿದ ಮಾದರಿ ಕಟ್ಟಡದ ಜೊತೆ ಹೋಲಿಸುವುದು ಮೂರನೆಯದು. ಈ ಮೂರನೆಯ ದಾರಿ ದೊಡ್ಡ ಗೋಪುರಗಳವರಿಗೆ ಪ್ರಿಯ, ಏಕೆಂದರೆ ಗಾಜಿನ ಪಾಲನ್ನು ಶೇಕಡಾ 40ಕ್ಕಿಂತ ಹೆಚ್ಚಿಟ್ಟು, ಒಳ್ಳೆಯ ಎಸಿ ಯಂತ್ರ ತಂದು ಲೆಕ್ಕ ಸರಿದೂಗಿಸಬಹುದು. ನನಗೆ ಇದರ ಬಗ್ಗೆ ತಕರಾರಿದೆ. ಎಸಿ ಯಂತ್ರದ ಆಯುಸ್ಸು ಹದಿನೈದಿಪ್ಪತ್ತು ವರ್ಷ, ಗೋಡೆಯದು ಅರವತ್ತು. ಯಂತ್ರ ಹಳತಾದಂತೆ ಅದರ ದಕ್ಷತೆ ಇಳಿಯುತ್ತದೆ, ಗಾಜಿನ ಗೋಡೆ ಮಾತ್ರ ಹಾಗೆಯೇ ಉಳಿಯುತ್ತದೆ. ಗೋಡೆಯ ತಪ್ಪನ್ನು ಯಂತ್ರದಿಂದ ಮುಚ್ಚಲು ಬಿಡಬಾರದು.

ಇಷ್ಟಿದ್ದೂ ಪಾಲನೆ ಯಾಕೆ ಸೊರಗಿದೆ? ಕಟ್ಟುವವರು ಒಬ್ಬರು, ಬಿಲ್ಲು ಕಟ್ಟುವವರು ಇನ್ನೊಬ್ಬರು ಎಂಬುದೇ ಮೂಲ ಕಾರಣ. ಬಿಲ್ಡರ್ ಕಟ್ಟಿ ಮಾರಿ ಹೋಗುತ್ತಾನೆ. ಗಾಜಿನ ಹೊದಿಕೆ ಬೇಗ ಏಳುತ್ತದೆ, ತೆಳ್ಳಗಿರುವುದರಿಂದ ಮಾರುವ ಜಾಗ ಹೆಚ್ಚು ಸಿಗುತ್ತದೆ, ನೋಡಿದವರಿಗೆ ಹೊಸತನದ ಗುರುತಾಗುತ್ತದೆ. ವಸತಿ ಗೋಪುರಗಳಲ್ಲಿ ಈಗ ಮೈವಾನ್ ಪದ್ಧತಿ. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆಯನ್ನೂ ಕಾಂಕ್ರೀಟಿನಲ್ಲೇ ಎರಕ ಹೊಯ್ಯುತ್ತಾರೆ. ಗೋಡೆಯ ಎರಡು ಬದಿಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನಲ್ಲಿ ಎಷ್ಟು ವಾಟ್ ಶಾಖ ದಾಟುತ್ತದೆ ಎಂಬುದು ಯು-ಮೌಲ್ಯ. ಆರಿಂಚಿನ ಕಾಂಕ್ರೀಟ್ ಗೋಡೆಗೆ ಅದು 3.5ಕ್ಕೂ ಮೇಲೆ, ಒಂಬತ್ತಿಂಚಿನ ಇಟ್ಟಿಗೆ ಗೋಡೆಗೆ 2ರ ಆಸುಪಾಸು, ಎಂಟಿಂಚಿನ ಹಗುರ ಎಎಸಿ ಬ್ಲಾಕಿಗೆ 0.8ರ ಆಸುಪಾಸು. ಕೆಲಸದ ವೇಗಕ್ಕಾಗಿ ನಾವು ಇಟ್ಟಿಗೆಗಿಂತಲೂ ಹಿಂದಕ್ಕೆ ಹೋಗುತ್ತಿದ್ದೇವೆ.

ಇನ್ನೊಂದು ಕಾರಣ ಪರಿಶೀಲನೆಯದು. ನಕ್ಷೆ ಮಂಜೂರಾತಿಯ ಹೊತ್ತಿಗೆ ಕಡತದಲ್ಲಿ ಒಂದು ಗಾಜಿನ ಹೆಸರಿರುತ್ತದೆ; ಮೂರು ವರ್ಷದ ಮೇಲೆ ಗೋಡೆಗೆ ಏರುವುದು ಬೇರೆ ಗಾಜು. ಕಣ್ಣಿಗೆ ಎರಡೂ ಒಂದೇ ನೀಲಿ. ಅದನ್ನು ಅಳೆದು ನೋಡುವ ಹೊಣೆ ಸೆಟ್‌ಬ್ಯಾಕ್ ಅಳೆಯುವ ಎಂಜಿನಿಯರಿಗೆ ಯಾರೂ ಕೊಟ್ಟಿಲ್ಲ, ಅದರ ತರಬೇತಿಯೂ ಅವರಿಗೆ ಸಾಲದು. ಇತ್ತೀಚೆಗೆ ಒಂದು ಬಾಗಿಲು ತೆರೆದಿದೆ. ಸ್ವಾಧೀನ ಪ್ರಮಾಣಪತ್ರ, ಅಂದರೆ ಒಸಿ, ಇಲ್ಲದೆ ವಿದ್ಯುತ್ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದರಿಂದ ನಮ್ಮ ರಾಜ್ಯದ ಸಾವಿರಾರು ಸಾಮಾನ್ಯ ಜನರಿಗೆ ತೊಂದರೆಯೂ ಆಯಿತು. ಚಿಕ್ಕ ಮನೆಯವರಿಗೆ ವಿನಾಯಿತಿ ಬೇಕು ಎಂಬುದರಲ್ಲಿ ನಾನೂ ಅವರ ಜೊತೆಗಿದ್ದೇನೆ. ಆದರೆ 100 ಕಿಲೋವಾಟ್ ಮೀರಿದ ಕಟ್ಟಡದ ಒಸಿಗೆ ಇಂಧನ ಸಂಹಿತೆಯ ಸ್ಥಳ ಪರಿಶೀಲನೆಯನ್ನು ಕಟ್ಟಿಹಾಕಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಕರೆಂಟಿನ ಕಾನೂನನ್ನು ಕರೆಂಟು ಕೊಡುವ ಹೊತ್ತಿನಲ್ಲೇ ಕೇಳಬೇಕು.

ಒಳ್ಳೆಯದನ್ನು ಕಟ್ಟಿ ತೋರಿಸಿದವರೂ ನಮ್ಮಲ್ಲಿದ್ದಾರೆ. ಬೆಂಗಳೂರಿನ ದೊಮ್ಮಲೂರಿನಲ್ಲಿ ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸ ಮಾಡಿದ ಟೆರಿ ಸಂಸ್ಥೆಯ ಕಚೇರಿ ಇದೆ. ನಿವೇಶನದ ದಕ್ಷಿಣಕ್ಕೆ ನಾರುವ ಚರಂಡಿ. ಅದಕ್ಕೆ ಬೆನ್ನು ತಿರುಗಿಸಿ ಆ ಬದಿಗೆ ಕಿಟಕಿಯಿಲ್ಲದ ಜೋಡಿ ಗೋಡೆ ಎಬ್ಬಿಸಿ, ಹೊರಮೈಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಕಲ್ಲು ಬಿಸಿಲಿಗೆ ಕಾಯುತ್ತದೆ, ನಡುವಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಅದರ ಎಳೆತಕ್ಕೆ ಉತ್ತರದಿಂದ ತಂಪು ಗಾಳಿ ಕಟ್ಟಡದೊಳಗೆ ಹಾದು ಬರುತ್ತದೆ. ಬಿಸಿಲಿನಿಂದಲೇ ಗಾಳಿ ಎಳೆಸುವ ಈ ಬುದ್ಧಿವಂತಿಕೆ ನನಗೆ ಬಹಳ ಇಷ್ಟ. ಅದು ಗೋಪುರವಲ್ಲ, ನಿಜ. ಗೋಪುರವೇ ಬೇಕೆಂದರೆ ಮುಂಬೈಯಲ್ಲಿ ಚಾರ್ಲ್ಸ್ ಕೊರಿಯ ಅವರ ಕಾಂಚನಜಂಗಾ ನೋಡಿ, 1983ರಲ್ಲಿ ಮುಗಿದದ್ದು, 84 ಮೀಟರ್ ಎತ್ತರ. ಅಲ್ಲಿ ಒಳ್ಳೆಯ ಗಾಳಿಯೂ ಸಮುದ್ರದ ನೋಟವೂ ಪಡುವಣಕ್ಕೆ, ಕೆಟ್ಟ ಬಿಸಿಲೂ ಮಳೆಯೂ ಅದೇ ಪಡುವಣಕ್ಕೆ. ಅವರು ಗೋಪುರದ ಮೂಲೆಗಳನ್ನು ಆಳವಾಗಿ ಕೊರೆದು ಎರಡಂತಸ್ತು ಎತ್ತರದ ಪಡಸಾಲೆಗಳನ್ನು ಇಟ್ಟರು. ಮನೆಯ ಗೋಡೆ ಹಿಂದೆ ಸರಿದು ನೆರಳಲ್ಲಿ ನಿಂತಿತು.

ಬೆಂಗಳೂರಿನ ಇನ್ಫೋಸಿಸ್ 2011ರಲ್ಲಿ ಹೈದರಾಬಾದಿನ ಪೋಚಾರಂ ಆವರಣದಲ್ಲಿ ಮಾಡಿದ ಪ್ರಯೋಗ ಇನ್ನೂ ಬೆಲೆಯುಳ್ಳದ್ದು. ಒಂದೇ ಕಟ್ಟಡದ ಎರಡು ಸಮ ಭಾಗಗಳು, ಒಂದರಲ್ಲಿ ಮಾಮೂಲಿ ಎಸಿ, ಇನ್ನೊಂದರಲ್ಲಿ ಛಾವಣಿಯ ಕಾಂಕ್ರೀಟಿನೊಳಗೆ ತಣ್ಣೀರು ಹರಿಸುವ ಪದ್ಧತಿ. ಎರಡನೆಯದು ಮೂರನೇ ಒಂದು ಪಾಲಿನಷ್ಟು ಕಡಿಮೆ ವಿದ್ಯುತ್ ಬಳಸಿತು. ಈ ಪದ್ಧತಿ ನಡೆಯುವುದು ಹೊರಕವಚ ಗಟ್ಟಿಯಾಗಿದ್ದರೆ ಮಾತ್ರ. ಬಿಸಿಲು ಸುರಿಯುವ ಗಾಜಿನ ಕಟ್ಟಡದಲ್ಲಿ ತಣ್ಣೀರಿನ ಕೊಳವೆ ಏನೂ ಸಾಧಿಸದು.

ನೆರಳಿನ ಲೆಕ್ಕ ಕಷ್ಟದ್ದಲ್ಲ, ಇಲ್ಲಿರುವ ಡಿಪ್ಲೊಮಾ ವಿದ್ಯಾರ್ಥಿಗಳು ಬರೆದುಕೊಳ್ಳಿ. ಡಿಸೆಂಬರಿನ ಮಧ್ಯಾಹ್ನ ದಕ್ಷಿಣದ ಸೂರ್ಯ ನಮ್ಮಲ್ಲಿ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಮೂರಡಿ ಸಜ್ಜಾ ನಾಲ್ಕಡಿ ಕಿಟಕಿಯನ್ನು ಕಾಯುತ್ತದೆ. ಜೂನ್ ಮಧ್ಯಾಹ್ನ ಉತ್ತರದ ಸೂರ್ಯ 80 ಡಿಗ್ರಿಯಲ್ಲಿ. ಅಲ್ಲಿ ಒಂದಡಿಯ ಸಜ್ಜಾ ಸಾಕು. ಪೂರ್ವ ಪಶ್ಚಿಮಕ್ಕೆ ಸಜ್ಜಾ ಕೆಲಸ ಮಾಡದು, ಸೂರ್ಯ ಕೆಳಮಟ್ಟದಲ್ಲಿದ್ದು ನೇರ ಮುಖಕ್ಕೆ ಹೊಡೆಯುತ್ತಾನೆ. ಅಲ್ಲಿ ನಿಲುವು ಫಲಕ, ಜಾಲಿ ಗೋಡೆ. ಎಲ್ಲಕ್ಕಿಂತ ಒಳ್ಳೆಯದು ಲಿಫ್ಟು, ಮೆಟ್ಟಿಲು, ಶೌಚಾಲಯಗಳನ್ನು ಪಡುವಣಕ್ಕೆ ತಳ್ಳಿಬಿಡುವುದು. ಕಾಸು ಖರ್ಚಿಲ್ಲದ ಈ ಉಪಾಯ ಮೊದಲ ನಕ್ಷೆ ಎಳೆಯುವಾಗ ಮಾತ್ರ ಸಿಗುತ್ತದೆ.

ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಶಾಖ ತಡೆಯುವ ಹೊದಿಕೆ ಬೆಂಕಿ ಹಿಡಿಯುವಂಥದ್ದಾಗಿರಬಾರದು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಗೋಪುರಕ್ಕೆ ಬೆಂಕಿ ಬಿದ್ದಾಗ, ನವೀಕರಣಕ್ಕೆಂದು ಹೊರಗೋಡೆಗೆ ಹಚ್ಚಿದ್ದ ಪ್ಲಾಸ್ಟಿಕ್ ತಿರುಳಿನ ಹಾಳೆಗಳೇ ಹೊತ್ತಿ ಉರಿದು 72 ಜನ ಸತ್ತರು. 2010ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಹೊಗೆ ತುಂಬಿದ ಅಂತಸ್ತುಗಳಲ್ಲಿ ಸಿಕ್ಕಿದವರು ಗಾಜು ಒಡೆದು ಹಾರಿದರು. ತೆರೆಯಬಲ್ಲ ಕಿಟಕಿ ತಂಪಿಗೂ ಬೇಕು, ಪ್ರಾಣಕ್ಕೂ ಬೇಕು. ಉಳಿತಾಯದ ಹೆಸರಿನಲ್ಲಿ ಉರಿಯುವ ಹಾಳೆ ಹಚ್ಚುವುದನ್ನು ಯಾರೂ ಒಪ್ಪಬಾರದು.

ಇನ್ನು ನಮ್ಮ ಜಿಲ್ಲೆಯ ಮಾತು. ತುಮಕೂರು ಸ್ಮಾರ್ಟ್ ಸಿಟಿ ಆಯಿತು, ವಸಂತನರಸಾಪುರದಲ್ಲಿ ಕೈಗಾರಿಕೆಗಳು ಬೆಳೆಯುತ್ತಿವೆ, ಕೊರಟಗೆರೆ, ಮಧುಗಿರಿ, ಪಾವಗಡ ಹಾದು ರಾಯದುರ್ಗಕ್ಕೆ ಹೋಗುವ ರೈಲು ಮಾರ್ಗದ ಕೆಲಸ ನಡೆದಿದೆ. ಎತ್ತರದ ಕಟ್ಟಡಗಳು ಈ ದಾರಿಯಲ್ಲಿ ಬಂದೇ ಬರುತ್ತವೆ. ಅವುಗಳಿಗೂ ಮುಂಚೆ 100 ಕಿಲೋವಾಟ್ ಗಡಿ ದಾಟುವವು ಎಸಿ ಹಾಕಿದ ಕಲ್ಯಾಣಮಂಟಪಗಳು, ಆಸ್ಪತ್ರೆಗಳು, ಬಟ್ಟೆ ಅಂಗಡಿಗಳು, ಕಾಲೇಜುಗಳು. ಈಗಲೇ ಸಣ್ಣ ಪಟ್ಟಣಗಳ ರಸ್ತೆಗೆ ಮುಖ ಮಾಡಿದ ಕಟ್ಟಡಗಳಲ್ಲಿ ಪಡುವಣದ ಬಿಸಿಲಿಗೆ ನೀಲಿ ಗಾಜು ಒಡ್ಡಿ, ಒಳಗಿನಿಂದ ಪರದೆ ಎಳೆದು, ಹಗಲಲ್ಲೇ ಟ್ಯೂಬ್‌ಲೈಟ್ ಹಾಕಿಕೊಂಡು ಕೂತಿರುವುದನ್ನು ಕಾಣುತ್ತೇವೆ. ಬೆಂಗಳೂರು ಮಾಡಿದ್ದನ್ನು ಮೂವತ್ತು ವರ್ಷ ತಡವಾಗಿ ನಾವೂ ಮಾಡಬೇಕಾಗಿಲ್ಲ.

ಆದ್ದರಿಂದ ನನ್ನ ಕೋರಿಕೆ ಸ್ಪಷ್ಟವಾಗಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಪುರಸಭೆ, ಪಟ್ಟಣ ಪಂಚಾಯಿತಿಗಳ ಸದಸ್ಯರು ಇಲ್ಲಿದ್ದರೆ ಕೇಳಿಸಿಕೊಳ್ಳಲಿ: ಮುಂದಿನ ಸಭೆಯಲ್ಲಿ ಒಂದು ನಿರ್ಣಯ ಮಾಡಿ. 100 ಕಿಲೋವಾಟ್ ಮೀರುವ ಯಾವ ಕಟ್ಟಡದ ನಕ್ಷೆ ಬಂದರೂ ಗೋಡೆಯಲ್ಲಿ ಗಾಜಿನ ಪಾಲು ಎಷ್ಟು, ಗಾಜಿನ ಎಸ್‌ಎಚ್‌ಜಿಸಿ ಎಷ್ಟು, ಗೋಡೆ ಮತ್ತು ಛಾವಣಿಯ ಯು-ಮೌಲ್ಯ ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ. ಒಸಿ ಕೊಡುವ ಮುನ್ನ ಸ್ಥಳಕ್ಕೆ ಹೋಗಿ ಅದೇ ಅಂಕಿಗಳನ್ನು ಗಾಜು ಪೂರೈಸಿದವರ ಪ್ರಮಾಣಪತ್ರದ ಜೊತೆ ತಾಳೆ ನೋಡಿ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಅನುದಾನವೂ ಬೇಡ. ವಿದ್ಯಾರ್ಥಿಗಳೇ, ಆ ಅಂಕಿಗಳನ್ನು ಓದಲು ಬಲ್ಲ ಎಂಜಿನಿಯರುಗಳು ನಮ್ಮ ಜಿಲ್ಲೆಗೆ ಬೇಕಾಗಿದ್ದಾರೆ. ಈ ವಿದ್ಯೆಯನ್ನು ಕಲಿತು ಇಲ್ಲೇ ಕೆಲಸ ಮಾಡಿ.